ಮಗುವಿಗೆ ಕಿಡ್ನಿ ಕಸಿ ಆದ ಮೇಲೆ: ಮಾತ್ರೆ, ನೀರು, ಶಾಲೆ ಮತ್ತು ನೋಡಿಕೊಳ್ಳುವವರ ಪಾಡು

ಡಿಸ್ಚಾರ್ಜ್ ದಿನ ಕೈಗೆ ಬರುವುದು ಒಂದು ದಪ್ಪ ಫೈಲು, ಒಂದು ಚೀಲ ಮಾತ್ರೆ, ಜೊತೆಗೆ "ಜೋಪಾನ" ಎಂಬ ಮಾತು. ಯಾವುದನ್ನು ಜೋಪಾನ ಮಾಡಬೇಕು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅಂತ ಬಿಡಿಸಿ ಹೇಳಲು ಆ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಮನೆಗೆ ಬಂದವರು ಎಲ್ಲಕ್ಕೂ ಹೆದರುತ್ತಾರೆ. ಮಗುವನ್ನು ಅಂಗಳಕ್ಕೆ ಬಿಡುವುದಿಲ್ಲ. ನೆಂಟರನ್ನು ಒಳಗೆ ಸೇರಿಸುವುದಿಲ್ಲ. ವರ್ಷವಾದರೂ ಶಾಲೆಗೆ ಕಳಿಸುವುದಿಲ್ಲ. ಡಯಾಲಿಸಿಸ್ ತಪ್ಪಿತು ನಿಜ, ಆದರೆ ಮನೆಯೇ ವಾರ್ಡ್ ಆಗಿಬಿಟ್ಟಿತು.

ನನ್ನ ಪ್ರಕಾರ ಕಟ್ಟುನಿಟ್ಟಾಗಿ ಇರಬೇಕಾದದ್ದು ನಾಲ್ಕು ವಿಷಯದಲ್ಲಿ: ಮಾತ್ರೆಯ ಹೊತ್ತು, ನೀರು, ರಕ್ತಪರೀಕ್ಷೆ, ಸೋಂಕಿನ ಸುಳಿವು. ಉಳಿದದ್ದರಲ್ಲಿ ಹಗ್ಗ ಸ್ವಲ್ಪ ಸಡಿಲ ಬಿಡಬಹುದು, ಬಿಡಲೇಬೇಕು. ಒಂದೊಂದು ಆಸ್ಪತ್ರೆಯ ಪದ್ಧತಿ ಒಂದೊಂದು ರೀತಿ ಇರುತ್ತದೆ. ಇಲ್ಲಿ ಓದಿದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತೇ ನಡೆಯಲಿ.

ಮೊದಲು ಮಾತ್ರೆಯ ಹೊತ್ತು ಗಟ್ಟಿ ಮಾಡಿ

ಹೊಸ ಕಿಡ್ನಿಯನ್ನು ಮಗುವಿನ ದೇಹ ಹೊರಗಿನದು ಅಂತಲೇ ನೋಡುತ್ತದೆ. ಅದರ ಮೇಲೆ ದಾಳಿ ಮಾಡದಂತೆ ತಡೆಯಲು ಮಾತ್ರೆ ಬೇಕು, ಆ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ಬೇಕು. ಹೆಚ್ಚಿನ ಮಕ್ಕಳಿಗೆ ಮೂರು ಮಾತ್ರೆ ಕೊಡುತ್ತಾರೆ: ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಮತ್ತು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಇವುಗಳಲ್ಲಿ ಟ್ಯಾಕ್ರೋಲಿಮಸ್ ಬಹಳ ನಾಜೂಕು. ರಕ್ತದಲ್ಲಿ ಅದು ಕಡಿಮೆಯಾದರೆ ದೇಹ ಕಿಡ್ನಿಯ ಮೇಲೆ ತಿರುಗಿಬೀಳುತ್ತದೆ. ಜಾಸ್ತಿಯಾದರೆ ಅದೇ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಕೈ ನಡುಗುತ್ತದೆ, ರಕ್ತದ ಸಕ್ಕರೆಯೂ ಏರಬಹುದು.

ಸಾಮಾನ್ಯವಾಗಿ ಇದನ್ನು 12 ಗಂಟೆಗೊಮ್ಮೆ ಕೊಡಬೇಕು. ಹೊತ್ತು ಗೊತ್ತು ಮಾಡುವಾಗ ವಾರ್ಡಿನಲ್ಲಿ ಯಾವಾಗ ಕೊಡುತ್ತಿದ್ದರು ಅಂತ ನೋಡಬೇಡಿ, ನಿಮ್ಮ ಮನೆಯ ದಿನಚರಿ ನೋಡಿ. ಬೆಳಿಗ್ಗೆ 7, ಸಂಜೆ 7 ಇಟ್ಟುಕೊಂಡರೆ ಶಾಲೆಗೆ ಅಡ್ಡಿಯಿಲ್ಲ. 10 ಗಂಟೆ ಅಂತ ಇಟ್ಟರೆ ಬೆಳಗಿನದು ತರಗತಿಯ ನಡುವೆ ಬರುತ್ತದೆ, ರಾತ್ರಿಯದನ್ನು ನಿದ್ದೆಗಣ್ಣಲ್ಲಿ ಕೊಡಬೇಕಾಗುತ್ತದೆ. ಬದಲಿಸುವುದಿದ್ದರೆ ಡಾಕ್ಟರನ್ನು ಕೇಳಿಯೇ ಬದಲಿಸಿ. ತಿಂಡಿಗೆ ಮೊದಲೋ ಆಮೇಲೋ ಎಂಬುದನ್ನೂ ಒಂದೇ ರೀತಿ ಇಟ್ಟುಕೊಳ್ಳಿ. ಇವತ್ತು ಖಾಲಿ ಹೊಟ್ಟೆ, ನಾಳೆ ಪೂರಿ ಸಾಗು ತಿಂದ ಮೇಲೆ ಅಂತಾದರೆ ರಕ್ತಕ್ಕೆ ಸೇರುವ ಪ್ರಮಾಣ ಏರುಪೇರಾಗುತ್ತದೆ.

ಎರಡು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಕೇಳಿ, ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಒಂದು, ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಎಷ್ಟು ನಿಮಿಷದೊಳಗಿದ್ದರೆ ಮತ್ತೆ ಕೊಡಬೇಕು? ಇನ್ನೊಂದು, ಡೋಸ್ ಮರೆತುಹೋದರೆ ಎಷ್ಟು ತಡವಾದರೂ ಕೊಡಬಹುದು? ರಾತ್ರಿ ವಾಂತಿ ಶುರುವಾದ ಮೇಲೆ ಫೋನ್ ಹಿಡಿದು ಪರದಾಡುವುದಕ್ಕಿಂತ ಇದು ಮೇಲು. ಮರೆತಿದ್ದಕ್ಕೆ ಮುಂದಿನ ಸಲ ಎರಡು ಪಟ್ಟು ಕೊಡುವುದಂತೂ ಬೇಡವೇ ಬೇಡ.

ಮೆಡಿಕಲ್ ಶಾಪಿನಲ್ಲಿ "ಅದಿಲ್ಲ ಮೇಡಂ, ಇದೂ ಅದೇನೇ" ಅಂತ ಬೇರೆ ಕಂಪನಿಯದು ಕೊಡುತ್ತಾರಲ್ಲ, ಜ್ವರದ ಮಾತ್ರೆಗೆ ಅದು ನಡೆಯುತ್ತದೆ. ಟ್ಯಾಕ್ರೋಲಿಮಸ್‌ಗೆ ನಡೆಯುವುದಿಲ್ಲ. ಬ್ರಾಂಡ್ ಬದಲಾದರೆ ಡಾಕ್ಟರಿಗೆ ತಿಳಿಸಬೇಕು, ಲೆವೆಲ್ (ರಕ್ತದಲ್ಲಿ ಆ ಮಾತ್ರೆಯ ಪ್ರಮಾಣ) ಮತ್ತೆ ನೋಡಬೇಕು. ದಿನಕ್ಕೊಮ್ಮೆ ಕೊಡುವ ಬಗೆಯದೂ ಇದೆ, ದಿನಕ್ಕೆರಡು ಸಲದ್ದೂ ಇದೆ. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಅಪಾಯ. ಸ್ಟ್ರಿಪ್ ಮೇಲಿನ ಹೆಸರನ್ನು ಹಳೆಯ ಸ್ಟ್ರಿಪ್ ಜೊತೆ ಇಟ್ಟು ಓದಿ, ಆಮೇಲೆ ದುಡ್ಡು ಕೊಡಿ. ಕನಿಷ್ಠ ಎರಡು ವಾರದ ಮಾತ್ರೆ ಯಾವಾಗಲೂ ಮನೆಯಲ್ಲಿರಲಿ. ಮೈಕೋಫಿನೋಲೇಟ್ ಮಾತ್ರೆಯನ್ನು ನೀವಾಗಿಯೇ ಪುಡಿ ಮಾಡಬೇಡಿ. ಅದರ ಪುಡಿ ಗರ್ಭಿಣಿಯರಿಗೆ ಒಳ್ಳೆಯದಲ್ಲ. ಚಿಕ್ಕ ಮಗುವಿಗೆ ನುಂಗಲು ಆಗದಿದ್ದರೆ ಬೇರೆ ರೂಪದಲ್ಲಿ ಸಿಗುತ್ತದೆಯಾ ಅಂತ ಕೇಳಿ.

ನೀರು: ಹೇಳುವುದು ಸುಲಭ, ಕುಡಿಸುವುದು ಕಷ್ಟ

ಡಯಾಲಿಸಿಸ್ ಇದ್ದಾಗ ಇದೇ ಮಗುವಿಗೆ ಲೋಟ ಅಳೆದು ನೀರು ಕೊಟ್ಟಿರುತ್ತೀರಿ. ಬಾಯಾರಿದೆ ಅಂದಾಗ ಬೈದಿರುತ್ತೀರಿ. ಈಗ ಇದ್ದಕ್ಕಿದ್ದಂತೆ "ಕುಡಿ, ಕುಡಿ" ಅಂದರೆ ಅದಕ್ಕೆ ನಂಬಿಕೆಯೇ ಬರುವುದಿಲ್ಲ. ಬಾಯಾರಿಕೆಯನ್ನು ಅದುಮಿಡುವುದು ಅಭ್ಯಾಸವಾಗಿರುತ್ತದೆ. ಆದರೆ ಚಿಕ್ಕ ಮೈಯಲ್ಲಿ ಕೂತಿರುವುದು ಹೆಚ್ಚಾಗಿ ದೊಡ್ಡವರ ಕಿಡ್ನಿ, ಅದಕ್ಕೆ ಧಾರಾಳ ರಕ್ತ ಹರಿಯಬೇಕು. ನೀರು ಕಡಿಮೆಯಾದರೆ ಕ್ರಿಯಾಟಿನಿನ್ ಸರಕ್ಕನೆ ಏರುತ್ತದೆ. ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ ಅದು, ಏರಿದರೆ ಕಿಡ್ನಿ ಸೋಲುತ್ತಿದೆ ಅಂತ ಅರ್ಥ. ಎಷ್ಟು ಕುಡಿಯಬೇಕು ಅಂತ ಡಾಕ್ಟರ್ ತೂಕ ನೋಡಿ ಹೇಳುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ದಿನಕ್ಕೆ 2-3 ಲೀಟರ್ ಹೇಳುವುದು ಸಾಮಾನ್ಯ.

ದಿನದ ನೀರನ್ನು ಬೆಳಿಗ್ಗೆಯೇ ಕಾಯಿಸಿ ಆರಿಸಿ ಬಾಟಲಿಗಳಿಗೆ ತುಂಬಿಡಿ. ಒಂದು ಶಾಲೆಗೆ ಹೋಗುವ ಮುನ್ನ, ಒಂದು ಶಾಲೆಯಲ್ಲಿ, ಉಳಿದದ್ದು ಸಂಜೆ. ಎಷ್ಟು ಖಾಲಿಯಾಯಿತು ಅಂತ ಮಗುವೇ ನೋಡಿಕೊಳ್ಳಲಿ. ತಿಳಿ ಮಜ್ಜಿಗೆ, ತಿಳಿಸಾರು, ಗಂಜಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ, ಉಪ್ಪು ಮಾತ್ರ ಕಡಿಮೆ ಇರಲಿ. ವಾಂತಿ ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಫೋನ್ ಮಾಡಿ. ಭೇದಿಯಾದಾಗ ನೀರು ಹೋಗುವುದಷ್ಟೇ ಅಲ್ಲ, ಟ್ಯಾಕ್ರೋಲಿಮಸ್ ಲೆವೆಲ್ ಕೂಡ ಏರಬಹುದು.

ಇನ್ನು ಶೌಚಾಲಯ. ಯಾವ ಪೋಷಕರ ಸಭೆಯಲ್ಲೂ ಇದನ್ನು ಗಟ್ಟಿಯಾಗಿ ಯಾರೂ ಎತ್ತುವುದಿಲ್ಲ. ಶಾಲೆಯ ಟಾಯ್ಲೆಟ್ ಗಲೀಜಾಗಿದ್ದರೆ ಹುಡುಗಿಯರು ನೀರನ್ನೇ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಹುಡುಗರಲ್ಲೂ ಕೆಲವರು ಹುಟ್ಟಿನಿಂದಲೇ ಮೂತ್ರನಾಳದ ತೊಂದರೆ ಇದ್ದವರು, ಕಿಡ್ನಿ ಹಾಳಾಗಿದ್ದೇ ಅದರಿಂದ. ಅಂಥವರು ಹೊತ್ತಿಗೆ ಸರಿಯಾಗಿ ಹೋಗಲೇಬೇಕು, ಕೆಲವರಿಗೆ ಟ್ಯೂಬ್ ಹಾಕಿ ಮೂತ್ರ ತೆಗೆಯಬೇಕಾಗುತ್ತದೆ. ಮೂತ್ರ ಕಟ್ಟಿಕೊಂಡರೆ ಸೋಂಕು, ಸೋಂಕಿನಿಂದ ಕಿಡ್ನಿಗೆ ಪೆಟ್ಟು. ಹೆಡ್‌ಮಾಸ್ತರರ ಹತ್ತಿರ ಹೋಗಿ ಟೀಚರ್‌ಗಳ ಶೌಚಾಲಯ ಬಳಸಲು ಅನುಮತಿ ಕೇಳಿ. ಕೈ ಎತ್ತದೆ ಎದ್ದು ಹೋಗುವ ಅನುಮತಿಯನ್ನೂ ಕೇಳಿ. ನಾಚಿಕೆ ಬೇಡ.

ರಕ್ತ ಕೊಡುವ ದಿನ

ತಿರಸ್ಕಾರ, ಅಂದರೆ ರಿಜೆಕ್ಷನ್, ಬಹಳ ಸಲ ಯಾವ ನೋವೂ ಇಲ್ಲದೆ ಶುರುವಾಗುತ್ತದೆ. ಮಗು ಆಡುತ್ತಿರುತ್ತದೆ, ತಿನ್ನುತ್ತಿರುತ್ತದೆ, ಕ್ರಿಯಾಟಿನಿನ್ ಮಾತ್ರ ಏರುತ್ತಿರುತ್ತದೆ. "ಚೆನ್ನಾಗೇ ಇದ್ದಾನಲ್ಲ, ಈ ತಿಂಗಳು ಬಿಡೋಣ" ಅನ್ನುವುದು ಅದಕ್ಕೇ ಸರಿಯಲ್ಲ.

ಟ್ಯಾಕ್ರೋ ಲೆವೆಲ್‌ಗೆ ರಕ್ತ ಕೊಡುವ ದಿನ ಬೆಳಗಿನ ಮಾತ್ರೆಯನ್ನು ಮನೆಯಲ್ಲಿ ಕೊಡಬೇಡಿ. ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ತೆಗೆದ ಮೇಲೆ ನುಂಗಿಸಿ. ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬುದೇ ಅವರಿಗೆ ಬೇಕಾದ ಲೆಕ್ಕ. ನುಂಗಿ ಹೋದರೆ ಲೆವೆಲ್ ಸುಳ್ಳೇ ಜಾಸ್ತಿ ಬಂದು, ಡಾಕ್ಟರ್ ಡೋಸ್ ಇಳಿಸಿಬಿಡಬಹುದು. ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ದೂರದ ಊರಿನವರು ಪ್ರತಿ ಸಲ ಬೆಂಗಳೂರಿಗೋ ವೆಲ್ಲೂರಿಗೋ ಓಡಬೇಕಿಲ್ಲ. ಹತ್ತಿರದ ಪಟ್ಟಣದಲ್ಲಿ ರಕ್ತ ಕೊಟ್ಟು ರಿಪೋರ್ಟನ್ನು ಆಸ್ಪತ್ರೆಯ ಕಸಿ ಕೋಆರ್ಡಿನೇಟರ್‌ಗೆ ಕಳಿಸಬಹುದಾ ಅಂತ ಕೇಳಿ.

ಮನೆಯಲ್ಲಿ ನೋಡಬೇಕಾದದ್ದು ಬಿಪಿ ಮತ್ತು ತೂಕ. ಬಿಪಿ ಮೆಷಿನ್‌ಗೆ ಮಗುವಿನ ತೋಳಿನ ಅಳತೆಯ ಪಟ್ಟಿಯೇ ಬೇಕು, ದೊಡ್ಡವರ ಪಟ್ಟಿ ಕಟ್ಟಿದರೆ ಬಿಪಿ ಕಡಿಮೆ ತೋರಿಸುತ್ತದೆ. ಎಫ್‌ಎಸ್‌ಜಿಎಸ್ ಎಂಬ, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆಯಿಂದ ಕಿಡ್ನಿ ಹೋಗಿದ್ದರೆ ಅದು ಹೊಸ ಕಿಡ್ನಿಗೂ ಮರಳಬಹುದು. ಮೂತ್ರದಲ್ಲಿ ಪ್ರೋಟೀನ್ ನೋಡುವ ಹಳೇ ಅಭ್ಯಾಸ ಬಿಡಬೇಡಿ.

ಜ್ವರ ಬಂದರೆ

100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಆಸ್ಪತ್ರೆಗೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರ ಕಡಿಮೆಯಾಗುವುದು, ಕಾಲು ಮುಖ ಊದಿಕೊಳ್ಳುವುದು, ಒಂದೆರಡು ದಿನದಲ್ಲೇ ತೂಕ ಏರುವುದು, ಕಿಡ್ನಿ ಇಟ್ಟ ಜಾಗದಲ್ಲಿ ನೋವು, ಮೂತ್ರ ಮಾಡುವಾಗ ಉರಿ: ಇವಕ್ಕೂ ಅದೇ ಮಾತು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಬ್ರೂಫೆನ್, ಕಾಂಬಿಫ್ಲಾಮ್, ಮೆಫ್ಟಾಲ್ ಇವು ಕಿಡ್ನಿಗೆ ಹೊರೆ. ಊರಿನ ಕ್ಲಿನಿಕ್‌ನಲ್ಲಿ ಮಕ್ಕಳ ಜ್ವರಕ್ಕೆ ಮೆಫ್ಟಾಲ್ ಬರೆಯುವುದು ಮಾಮೂಲು. ಹಾಗಾಗಿ "ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿದೆ" ಅಂತ ಮೊದಲೇ ಹೇಳಿ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಇಂಥವು ಟ್ಯಾಕ್ರೋ ಲೆವೆಲ್ ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಇಳಿಸುತ್ತವೆ. ಯಾರೇ ಹೊಸ ಔಷಧಿ ಬರೆದರೂ ಚೀಟಿಯ ಫೋಟೊ ತೆಗೆದು ಕಸಿ ತಂಡಕ್ಕೆ ಕಳಿಸಿ, ಆಮೇಲೆ ಕೊಡಿ.

ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ, ಅಜ್ಜ ಆದರೂ ಸರಿ, ಟಿಬಿ ಇದೆಯಾ ಅಂತ ಕಫ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಡೆಂಗಿ ಕಾಟ, ಹಗಲು ನಿದ್ದೆಗೂ ಸೊಳ್ಳೆಪರದೆ ಕಟ್ಟಿ. ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಅಥವಾ ದಡಾರ ಬಂದರೆ, ನಿಮ್ಮ ಮಗುವಿಗೆ ಏನೂ ಆಗಿಲ್ಲದಿದ್ದರೂ ಅವತ್ತೇ ಆಸ್ಪತ್ರೆಗೆ ತಿಳಿಸಿ. ಸೋಂಕು ಕಾಣಿಸುವ ಮುಂಚೆಯೇ ಕೊಡಬೇಕಾದ ಮದ್ದು ಇದೆ, ತಡವಾದರೆ ಉಪಯೋಗವಿಲ್ಲ. "ಅಮ್ಮ" ಬಂದ ಮನೆಗೆ ಹೋಗಿ ಬರುವ ನಮ್ಮ ಪದ್ಧತಿಯನ್ನು ಈ ಮಗುವಿನ ಮಟ್ಟಿಗೆ ಬಿಡಿ.

ಲಸಿಕೆಯ ವಿಷಯ ಚುಟುಕಾಗಿ: ಜೀವಂತ ವೈರಸ್ ಇರುವ ಲಸಿಕೆಗಳನ್ನು, ಉದಾಹರಣೆಗೆ ದಡಾರದ ಲಸಿಕೆ, ಚಿಕನ್‌ಪಾಕ್ಸ್ ಲಸಿಕೆ, ಬಾಯಿಗೆ ಹಾಕುವ ಪೋಲಿಯೊ ಹನಿ, ಕಸಿಯಾದ ಮಗುವಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದು ಮನೆಮಂದಿಗೆಲ್ಲ ಒಳ್ಳೆಯದು. ಪಲ್ಸ್ ಪೋಲಿಯೊ ಭಾನುವಾರ ತಮ್ಮನಿಗೋ ತಂಗಿಗೋ ಹನಿ ಹಾಕಿಸುವ ಮುನ್ನ ಡಾಕ್ಟರನ್ನು ಕೇಳಿ. ಹನಿ ಹಾಕಿಸಿಕೊಂಡ ಮಗುವಿನ ಮಲದಲ್ಲಿ ವೈರಸ್ ಹೊರಬರುತ್ತದೆ. ಚುಚ್ಚುಮದ್ದಿನ ಪೋಲಿಯೊ ಲಸಿಕೆಗೆ ಆ ತೊಂದರೆ ಇಲ್ಲ.

ಅಡುಗೆಮನೆ, ಹಬ್ಬ, ದೇವಸ್ಥಾನ

ಬಿಸಿಯಾಗಿ ಬೇಯಿಸಿದ ಮನೆ ಊಟ ಹೆಚ್ಚುಕಮ್ಮಿ ಎಲ್ಲವೂ ನಡೆಯುತ್ತದೆ. ಮುದ್ದೆ, ಸೊಪ್ಪಿನ ಸಾರು, ಇಡ್ಲಿ, ಚೆನ್ನಾಗಿ ಬೆಂದ ಮೊಟ್ಟೆ, ಮೀನು. ಡಯಾಲಿಸಿಸ್ ಕಾಲದ ನಿಷೇಧಗಳನ್ನು ಕಣ್ಣುಮುಚ್ಚಿ ಮುಂದುವರಿಸಬೇಡಿ. ಬಾಳೆಹಣ್ಣು, ಎಳನೀರು ಕೊಡಬಹುದಾ ಎಂಬುದು ಪೊಟ್ಯಾಸಿಯಂ ರಿಪೋರ್ಟ್ ಮೇಲೆ ನಿಂತಿದೆ. ಟ್ಯಾಕ್ರೋಲಿಮಸ್ ಕೆಲವರಲ್ಲಿ ಅದನ್ನು ಏರಿಸುತ್ತದೆ, ಎಲ್ಲರಲ್ಲೂ ಅಲ್ಲ.

ಹಸಿಯದೇ ತೊಂದರೆ. ಕೋಸಂಬರಿಯಲ್ಲಿ ನೆನೆಸಿದ ಹಸಿ ಬೇಳೆ, ಮೊಳಕೆ ಕಾಳು, ಕಾಯಿಸದ ಹಾಲು, ಪಾನಿಪೂರಿಯ ನೀರು, ಕಬ್ಬಿನ ಹಾಲು, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಐಸ್. ದೇವಸ್ಥಾನದ ತೀರ್ಥ, ಪಂಚಾಮೃತ, ರಾಮನವಮಿಯ ಪಾನಕ ಕೂಡ ಇದೇ ಗುಂಪಿಗೆ ಸೇರುತ್ತವೆ. ಅಜ್ಜಿಗೆ ಬೇಸರವಾಗುತ್ತದೆ, ಗೊತ್ತು. ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಳ್ಳಲಿ, ಬಿಸಿ ಪೊಂಗಲ್ ಪ್ರಸಾದ ತಿನ್ನಲಿ, ಪಾನಕವನ್ನು ಕಾಯಿಸಿದ ನೀರಲ್ಲಿ ಮನೆಯಲ್ಲೇ ಮಾಡಿ. ಹೀಗೆ ದಾರಿ ಹುಡುಕಿದರೆ ಹಬ್ಬದ ದಿನ ಮಗು ಮೂಲೆಯಲ್ಲಿ ಕೂರುವುದು ತಪ್ಪುತ್ತದೆ.

ಚಕ್ಕೋತ ಮಾತ್ರ ಪೂರ್ತಿ ಬೇಡ. ದೇವನಹಳ್ಳಿ ಕಡೆಯವರಿಗೆ ಇದು ಮನೆಯ ಹಣ್ಣು, ಆದರೆ ಅದು ಟ್ಯಾಕ್ರೋಲಿಮಸ್ ಲೆವೆಲ್ ಅನ್ನು ಏರಿಸುತ್ತದೆ. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ಕೂಡ ಅಷ್ಟೇ. ಅಮೃತಬಳ್ಳಿ ಕಷಾಯ, ಅಶ್ವಗಂಧ, "ರೋಗನಿರೋಧಕ ಶಕ್ತಿ ಹೆಚ್ಚಿಸುವ" ಲೇಹ್ಯಗಳೂ ಬೇಡ. ಆ ಶಕ್ತಿಯನ್ನು ಹದದಲ್ಲಿಡಲೆಂದೇ ಇಷ್ಟು ದುಬಾರಿ ಮಾತ್ರೆ ಕೊಡುತ್ತಿದ್ದೇವೆ, ಅಲ್ವಾ? ಪ್ರೀತಿಯಿಂದ ಬಾಟಲಿ ತಂದುಕೊಟ್ಟ ನೆಂಟರಿಗೆ ಥ್ಯಾಂಕ್ಸ್ ಹೇಳಿ ಒಳಗಿಡಿ.

ಸ್ಟೀರಾಯ್ಡ್‌ನಿಂದ ಹಸಿವು ವಿಪರೀತ. ವರ್ಷಗಟ್ಟಲೆ ತಿನ್ನದ ಮಗು ಈಗ ತಿನ್ನುತ್ತಿದೆ ಅಂತ ಖುಷಿಯಲ್ಲಿ ಚಿಪ್ಸ್, ಬೇಕರಿ ತಿನಿಸು ಕೊಟ್ಟರೆ ತೂಕವೂ ಬಿಪಿಯೂ ಒಟ್ಟಿಗೆ ಏರುತ್ತವೆ. ಉಪ್ಪಿನಕಾಯಿ, ಹಪ್ಪಳ ಅಪರೂಪಕ್ಕೆ ಇರಲಿ.

ಶಾಲೆ ಮತ್ತು ಆಟ

ಎಲ್ಲ ಸರಿಯಿದ್ದರೆ ಹೆಚ್ಚಿನ ಮಕ್ಕಳು ಕೆಲವು ತಿಂಗಳಲ್ಲಿ ಶಾಲೆಗೆ ಮರಳುತ್ತಾರೆ. ದಿನವನ್ನು ಡಾಕ್ಟರ್ ಹೇಳುತ್ತಾರೆ, ಅದನ್ನು ಮುಂದೂಡುವುದು ನಮ್ಮ ಭಯ. ಶಾಲೆಗೆ ಒಂದು ಪುಟದ ಪತ್ರ ಕೊಡಿ: ನೀರು, ಶೌಚಾಲಯ, ಜ್ವರ ಬಂದರೆ ಯಾರಿಗೆ ಫೋನ್, ಯಾವ ಮಾತ್ರೆ ಕೊಡಬಾರದು, ಚಿಕನ್‌ಪಾಕ್ಸ್ ಕಂಡರೆ ತಿಳಿಸಿ. ಸಹಪಾಠಿಗಳಿಗೆ ಏನು ಹೇಳಬೇಕು ಎಂಬುದನ್ನು ಮಗುವೇ ನಿರ್ಧರಿಸಲಿ.

ಹೊಸ ಕಿಡ್ನಿ ಬೆನ್ನಿನ ಹಿಂದೆ ಇರುವುದಿಲ್ಲ, ಕೆಳಹೊಟ್ಟೆಯ ಮುಂಭಾಗದಲ್ಲಿ ಇರುತ್ತದೆ. ಪಕ್ಕೆಲುಬಿನ ರಕ್ಷಣೆ ಅದಕ್ಕಿಲ್ಲ. ಹೊಟ್ಟೆಗೆ ಬಲವಾಗಿ ಏಟು ಬೀಳುವ ಕಬಡ್ಡಿ, ಕುಸ್ತಿ, ಬಾಕ್ಸಿಂಗ್ ಬೇಡ. ಓಟ, ಸೈಕಲ್, ಶಟಲ್ ಎಲ್ಲ ಒಳ್ಳೆಯದು. ಗಾಯ ಪೂರ್ತಿ ಮಾಗಿದ ಮೇಲೆ ಡಾಕ್ಟರ್ ಒಪ್ಪಿದರೆ ಶುದ್ಧ ನೀರಿನ ಕೊಳದಲ್ಲಿ ಈಜಬಹುದು. ಕೆರೆ, ಹಳ್ಳ ಬೇಡ. ಪಿಟಿ ಪೀರಿಯಡ್‌ನಲ್ಲಿ ದಿನವೂ ಕಟ್ಟೆ ಮೇಲೆ ಕೂರಿಸುವುದಕ್ಕೆ ಯಾವ ಕಾರಣವೂ ಇಲ್ಲ. ಬಿಸಿಲಲ್ಲಿ ಟೋಪಿ, ತುಂಬು ತೋಳಿನ ಅಂಗಿ ಇರಲಿ. ಈ ಮಾತ್ರೆಗಳಿಂದ ಮುಂದೆ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚು.

ಹದಿಹರೆಯ: ಹೆಚ್ಚು ಕಿಡ್ನಿಗಳು ಹೋಗುವುದು ಇಲ್ಲೇ

ಕಸಿ ಕಿಡ್ನಿ ಕಳೆದುಕೊಳ್ಳುವ ಅಪಾಯ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಜಾಸ್ತಿ. ಮಾತ್ರೆ ಬಿಡುವುದು ಅದರ ದೊಡ್ಡ ಕಾರಣ. ಮರೆವು ಒಂದೇ ಅಲ್ಲ. ಸ್ಟೀರಾಯ್ಡ್‌ನಿಂದ ಮುಖ ದುಂಡಗಾಗಿದೆ, ಮೊಡವೆ ಬಂದಿದೆ, ಎತ್ತರ ಓರಗೆಯವರಿಗಿಂತ ಕಡಿಮೆ. ಕ್ಲಾಸಿನಲ್ಲಿ ಅಡ್ಡಹೆಸರು ಬಿದ್ದಿದೆ. ಮಾತ್ರೆ ಎರಡು ದಿನ ಬಿಟ್ಟರೂ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ಬೇರೆ.

ಬೈದರೆ ಮಾತ್ರೆ ಹೊಟ್ಟೆಗೆ ಹೋಗುವುದಿಲ್ಲ, ಕಿಟಕಿಯಾಚೆ ಹೋಗುತ್ತದೆ. "ನುಂಗಿದ್ಯಾ?" ಬದಲು "ಈ ವಾರ ಎಷ್ಟು ಸಲ ತಪ್ಪಿತು?" ಅಂತ ಕೇಳಿ. ತಪ್ಪುವುದು ಸಹಜ ಅಂತ ಒಪ್ಪಿಕೊಂಡರೆ ನಿಜ ಹೊರಗೆ ಬರುತ್ತದೆ. ಮುಖದ ಬೇಸರವನ್ನು "ಅದೆಲ್ಲ ದೊಡ್ಡದಲ್ಲ" ಅಂತ ತಳ್ಳಬೇಡಿ. ಹದಿನಾಲ್ಕರ ವಯಸ್ಸಿಗೆ ಅದೇ ದೊಡ್ಡದು. ಡೋಸ್ ಇಳಿಸಲು ಆಗುತ್ತದೆಯಾ ಅಂತ ಮಗುವೇ ಡಾಕ್ಟರನ್ನು ಕೇಳಲಿ. ಸ್ಟೀರಾಯ್ಡ್ ಅನ್ನು ತಾನಾಗಿ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂಬುದೂ ಅವರ ಬಾಯಿಂದಲೇ ಕೇಳಲಿ. ಓಪಿಡಿಯಲ್ಲಿ ಹತ್ತು ನಿಮಿಷ ನೀವು ಹೊರಗೆ ಕೂರಿ. ಹುಡುಗಿಯರಿಗೆ ಮೈಕೋಫಿನೋಲೇಟ್ ಇರುವಾಗ ಗರ್ಭ ನಿಂತರೆ ಮಗುವಿಗೆ ತೊಂದರೆ ಎಂಬ ಮಾತನ್ನು ಯಾರಾದರೂ ಹೊತ್ತಿಗೆ ಸರಿಯಾಗಿ ಹೇಳಲೇಬೇಕು. ಮುಜುಗರವೆಂದು ಬಿಟ್ಟರೆ ನಷ್ಟ ಅವಳಿಗೆ.

ಪೆಡ್ಸ್‌ಕ್ಯೂಎಲ್ ಎಂಬ ಪ್ರಶ್ನಾವಳಿ ಇದೆ. ಮಗುವಿನ ದೇಹ, ಮನಸ್ಸು, ಗೆಳೆತನ, ಶಾಲೆ ಈ ನಾಲ್ಕನ್ನು ಕೇಳುತ್ತದೆ. ಮಗುವನ್ನೂ ಪೋಷಕರನ್ನೂ ಬೇರೆಬೇರೆ ಕೇಳಿದರೆ, ಮಗು ತನ್ನ ಬದುಕಿಗೆ ಕೊಡುವಷ್ಟು ಅಂಕವನ್ನು ಪೋಷಕರು ಕೊಡುವುದಿಲ್ಲ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತಿಂಗಳಿಗೊಮ್ಮೆ ನೀವೂ ಈ ನಾಲ್ಕನ್ನು ಕೇಳಿ. ಉತ್ತರವನ್ನು ತಿದ್ದಲು ಹೋಗಬೇಡಿ.

ನೋಡಿಕೊಳ್ಳುವವರು

ಮನೆಯಲ್ಲಿ ಮಾತ್ರೆ, ಬಿಪಿ, ಫೈಲು ಎಲ್ಲ ಸಾಮಾನ್ಯವಾಗಿ ತಾಯಿಯ ತಲೆ ಮೇಲೆ. ಎಷ್ಟೋ ಮನೆಗಳಲ್ಲಿ ಕಿಡ್ನಿ ಕೊಟ್ಟವಳೂ ಅವಳೇ. 1994ರ ಅಂಗಾಂಗ ಕಸಿ ಕಾನೂನಿಗೆ 2011ರಲ್ಲಿ ತಿದ್ದುಪಡಿಯಾಗಿ ಅಜ್ಜ ಅಜ್ಜಿಯರೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿದ್ದಾರೆ, ಹಾಗಾಗಿ ಕೆಲವು ಕಡೆ ದಾನಿ ಅಜ್ಜಿ. ಯಾರೇ ಕೊಟ್ಟಿರಲಿ, ಅವರ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಅನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ಮಗುವಿನ ಓಪಿಡಿ ದಿನವೇ ಇದನ್ನೂ ಮಾಡಿಸಿಬಿಡಿ, ಇಲ್ಲದಿದ್ದರೆ ಆಗುವುದೇ ಇಲ್ಲ. ಸೊಂಟನೋವಿಗೆ ಸಿಕ್ಕಸಿಕ್ಕ ನೋವಿನ ಮಾತ್ರೆ ನುಂಗುವುದು ಅವರಿಗೂ ಬೇಡ.

ಒಂದು ಮಾತನ್ನು ಎಷ್ಟೇ ಸಿಟ್ಟು ಬಂದರೂ ಆಡಬೇಡಿ: "ನಿನಗೋಸ್ಕರ ಕಿಡ್ನಿ ಕೊಟ್ಟಿದ್ದೀನಿ, ಒಂದು ಮಾತ್ರೆ ನುಂಗೋಕಾಗಲ್ವಾ?" ಆ ಸಾಲವನ್ನು ತೀರಿಸಲು ಯಾವ ಮಗುವಿಗೂ ಆಗದು. ಮುಂದೆ ಎಂದಾದರೂ ಕಿಡ್ನಿ ಕೈಕೊಟ್ಟರೆ ಅದು ತನ್ನ ತಪ್ಪೆಂದೇ ಕೊರಗುತ್ತದೆ. ಕಸಿ ಕಿಡ್ನಿ ಜೀವನಪೂರ್ತಿ ಬರುವುದು ಅಪರೂಪ. ಚಿಕ್ಕಂದಿನಲ್ಲಿ ಕಸಿಯಾದವರಿಗೆ ಮುಂದೆ ಇನ್ನೊಂದು ಬೇಕಾಗುವ ಸಾಧ್ಯತೆ ಹೆಚ್ಚು.

ಮಾತ್ರೆ ಕೊಡುವ ಕೆಲಸ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಭಾನುವಾರದ ಎರಡೂ ಹೊತ್ತು ಅಪ್ಪನದು ಅಂತ ಗೊತ್ತುಮಾಡಿ, ಅವತ್ತು ತಾಯಿ ನೆನಪಿಸುವುದೂ ಬೇಡ. ಅಣ್ಣ ತಂಗಿಯರನ್ನು ಮರೆಯಬೇಡಿ. ವರ್ಷಗಟ್ಟಲೆ "ನೀನು ದೊಡ್ಡವನು, ಹೊಂದಿಕೋ" ಕೇಳಿದವರು ಅವರು. ನೋಡಿಕೊಳ್ಳುವವರಿಗೆ ನಿದ್ದೆ ಬಾರದಿರುವುದು, ಸುಮ್‌ಸುಮ್ನೆ ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಖರ್ಚಿನ ಮಾತು: ಬಿಪಿಎಲ್ ಕುಟುಂಬಗಳ ಕಸಿಗೆ ರಾಜ್ಯದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿದೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಕಸಿಯ ನಂತರದ ಮಾತ್ರೆಗೆ ಏನು ಸಿಗುತ್ತದೆ ಅಂತ ಬಿಡಿಸಿ ಕೇಳಿ. ದುಡ್ಡಿಲ್ಲದೆ ಡೋಸ್ ಅರ್ಧ ಮಾಡುವ ಪರಿಸ್ಥಿತಿ ಬಂದರೆ ಮುಚ್ಚಿಡಬೇಡಿ, ಡಾಕ್ಟರಿಗೆ ನೇರವಾಗಿ ಹೇಳಿ.

18ಕ್ಕೆ ಮುಂಚೆ

ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವ ದಿನ ಬಂದೇ ಬರುತ್ತದೆ. ಅಲ್ಲಿ ಹೆಸರು ಹಿಡಿದು ಮಾತಾಡಿಸುವ ಸಿಸ್ಟರ್ ಇರುವುದಿಲ್ಲ. ಸಿದ್ಧತೆ 12-13ಕ್ಕೇ ಶುರುವಾಗಲಿ: ಮೊದಲು ಮಾತ್ರೆಗಳ ಹೆಸರು ಮತ್ತು ಡೋಸ್, ಆಮೇಲೆ ಡಬ್ಬಿ ತುಂಬುವುದು, ಆಮೇಲೆ ತಾನೇ ಮೆಡಿಕಲ್ ಶಾಪಿಗೆ ಹೋಗಿ ತರುವುದು, ರಿಪೋರ್ಟ್ ಓದುವುದು. ಮಕ್ಕಳ ಡಾಕ್ಟರಿಂದ ಒಂದೆರಡು ಪುಟದ ಸಾರಾಂಶ ಬರೆಸಿಕೊಳ್ಳಿ: ಕಿಡ್ನಿ ಹೋದ ಕಾರಣ, ಕಸಿಯ ದಿನ, ದಾನಿ ಯಾರು, ಬಯಾಪ್ಸಿಗಳಲ್ಲಿ (ಕಿಡ್ನಿಯ ಚೂರು ತೆಗೆದು ಮಾಡುವ ಪರೀಕ್ಷೆ) ಏನು ಬಂತು, ಯಾವ ಸೋಂಕು ಆಗಿತ್ತು, ಯಾವ ಲಸಿಕೆ ಆಗಿದೆ, ಈಗಿನ ಡೋಸ್. ಒಂದು ಪ್ರತಿ ಫೈಲಿನಲ್ಲಿ, ಒಂದು ಮಗುವಿನ ಫೋನಿನಲ್ಲಿ. ಹೊಸ ಡಾಕ್ಟರ ಮೊದಲ ಅಪಾಯಿಂಟ್‌ಮೆಂಟನ್ನು, ಹಳೆಯ ಚೀಟಿಯಲ್ಲಿ ತಂದ ಮಾತ್ರೆ ಇನ್ನೂ ಒಂದು ತಿಂಗಳಿಗೆ ಇರುವಾಗಲೇ ಹಿಡಿದುಕೊಳ್ಳಿ.